ಲಾವಕ್ಕಿ ಅಂಗಿಯ ಅಧಿಕಾರಿ

ಹೋಬೋಕನ್, ಮೂರನೆಯ ಮಹಡಿ

ಅಮೆರಿಕಕ್ಕೆ ಹೋಗಿ ಬಂದವರು ಎತ್ತರದ ಕಟ್ಟಡಗಳ ವಿಷಯ ಬರೆಯುತ್ತಾರೆ. ನಾನು ಮೂರು ತಿಂಗಳು ಹೆಚ್ಚಾಗಿ ನೋಡಿದ್ದು ಒಂದು ಅಡುಗೆಮನೆ ಕಿಟಕಿ, ಅದರಾಚೆ ತುಕ್ಕು ಹಿಡಿದ ಕಬ್ಬಿಣದ ಮೆಟ್ಟಿಲು, ಮೆಟ್ಟಿಲ ಮೇಲೆ ಕರಗುವ ಮನಸ್ಸಿಲ್ಲದೆ ಕಪ್ಪಾಗಿ ಕೂತಿದ್ದ ಹಿಮ. ಎಪ್ಪತ್ತನಾಲ್ಕರ ಚಳಿಗಾಲ ಅದು. ನನ್ನ ತಂಗಿ ಸರೋಜ ತುಂಬಿದ ಬಸುರಿ. ಬಾಣಂತನಕ್ಕೆ ಅಮ್ಮ ಹೋಗಬೇಕಾಗಿತ್ತು. ಆದರೆ ವಿಮಾನ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅಮ್ಮನಿಗೆ ಮಂಡಿನೋವು ಶುರುವಾಗುತ್ತಿತ್ತು. ಮೈಸೂರಿನ ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಂಡು, ಮದುವೆಯಿಲ್ಲದೆ ನಲವತ್ತು ದಾಟಿದ ದೊಡ್ಡ ಮಗಳು ಇದ್ದಾಳಲ್ಲ, ಅವಳು ಹೋಗಲಿ ಎಂದು ತೀರ್ಮಾನವಾಯಿತು. ನನ್ನನ್ನು ಯಾರೂ ಕೇಳಲಿಲ್ಲ.

ಟ್ರಂಕಿನಲ್ಲಿ ಬಾಣಂತಿ ಲೇಹ್ಯ, ಒಣಶುಂಠಿ, ಮೆಣಸಿನ ಪುಡಿ. ಅವುಗಳ ನಡುವೆ ಅಪ್ಪನ ಕುಂಚದ ಡಬ್ಬಿ. ಅದನ್ನೇಕೆ ಇಟ್ಟುಕೊಂಡೆನೋ ಗೊತ್ತಿಲ್ಲ. ವಿಮಾನ ನಿಲ್ದಾಣದಲ್ಲಿ ಸುಂಕದವನು ಲೇಹ್ಯದ ಮುಚ್ಚಳ ತೆಗೆದು ಮೂಸಿ, ಕಣ್ಣಲ್ಲಿ ನೀರು ತಂದುಕೊಂಡು ಟ್ರಂಕು ಮುಚ್ಚಿದ.

ಹೋಬೋಕನ್ ಆಗ ಬಡಕಲು ಊರು. ಹಡಗುಕಟ್ಟೆ ಬಿಕೋ ಎನ್ನುತ್ತಿತ್ತು, ಅರ್ಧ ಅಂಗಡಿಗಳಿಗೆ ಹಲಗೆ ಹೊಡೆದಿದ್ದರು. ನದಿಯ ಕಡೆ ಎಲ್ಲೋ ಕಾಫಿ ಹುರಿಯುವ ಕಾರ್ಖಾನೆಯಿತ್ತು. ಊರೆಲ್ಲ ಘಮ್ಮೆನ್ನುತ್ತಿತ್ತು, ಮನೆಯಲ್ಲಿ ಮಾತ್ರ ಸರೋಜ ಪುಡಿ ಕಲಸಿ ಕೊಡುವ ಕಹಿ ನೀರು. ಅವಳ ಗಂಡ ಶ್ರೀಧರ ಎಂಜಿನಿಯರು, ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆಯೇ ಬರುತ್ತಿದ್ದ.

ಮೂರನೆಯ ದಿನವೇ ನನ್ನಿಂದ ಒಂದು ಅವಾಂತರವಾಯಿತು. ಒಳಗೆ ಸೀರೆ ಒಣಗಿಸಲು ಜಾಗವಿಲ್ಲವೆಂದು ಕಿಟಕಿಯಾಚೆ ಕಬ್ಬಿಣದ ಮೆಟ್ಟಿಲ ಮೇಲೆ ಹರವಿದೆ. ಒಂದು ಗಂಟೆಯ ಮೇಲೆ ನೋಡಿದರೆ ಸೀರೆ ಇಲ್ಲ! ಅಷ್ಟರಲ್ಲಿ ಬಾಗಿಲು ಸದ್ದಾಯಿತು. ಚೀನೀ ಮುದುಕರೊಬ್ಬರು ಸೆಟೆದು ಹಪ್ಪಳವಾಗಿದ್ದ ನನ್ನ ಸೀರೆಯನ್ನು ಎರಡೂ ಕೈಯಲ್ಲಿ ಹಲಗೆಯಂತೆ ಹಿಡಿದು ನಿಂತಿದ್ದರು.

"ನನ್ನ ಕಿಟಕಿಗೆ ಬಂದು ಬಡಿಯಿತು" ಎಂದರು ಇಂಗ್ಲಿಷಿನಲ್ಲಿ. ಆಮೇಲೆ ಅಂಚನ್ನು ಮೂಗಿನ ಹತ್ತಿರ ತಂದು ನೋಡಿ, "ಇದು ನಿಜವಾದ ಜರಿಯೇ?" ಎಂದು ಕೇಳಿದರು.

ಕೆಳಗಿನ ಮನೆಯ ಶೆನ್ ಅವರು ನನಗೆ ಪರಿಚಯವಾದದ್ದು ಹೀಗೆ.

ಎರಡನೆಯ ಮಹಡಿ

ಅವರು ಹಡಗುಕಟ್ಟೆಯಲ್ಲಿ ಹಡಗಿನ ನಕ್ಷೆ ಎಳೆಯುವ ಕೆಲಸ ಮಾಡಿ ನಿವೃತ್ತರಾದವರು. ಎಪ್ಪತ್ನಾಲ್ಕು ವಯಸ್ಸು, ಒಂಟಿ. ನಲವತ್ತು ವರ್ಷ ಇಲ್ಲಿದ್ದರೂ ಅವರ ಇಂಗ್ಲಿಷ್ ನನ್ನದರ ಹಾಗೆಯೇ ಕುಂಟುತ್ತಿತ್ತು. ಅದರಿಂದ ನನಗೆ ಧೈರ್ಯ ಬಂತು. ನಾನು ಡ್ರಾಯಿಂಗ್ ಟೀಚರು, ನಮ್ಮಪ್ಪ ಚಿನ್ನದ ರೇಕು ಹಚ್ಚಿ ದೇವರ ಪಟ ಬರೆಯುತ್ತಿದ್ದರು ಎಂದು ಹೇಳಿದ್ದೇ ತಡ, "ಬನ್ನಿ ಟೀಚರ್, ಕೆಳಗೆ ಬನ್ನಿ" ಎಂದು ಕರೆದೊಯ್ದರು.

ಅವರ ಕೋಣೆಯಲ್ಲಿ ಮಂಚಕ್ಕಿಂತ ಮೇಜು ದೊಡ್ಡದು. ಪ್ರಿನ್ಸ್‌ಟನ್ನಿನಲ್ಲಿ ಒಬ್ಬ ಶ್ರೀಮಂತ ಹೆಂಗಸಿನ ಹತ್ತಿರ ಹಳೆಯ ಚಿತ್ರಗಳ ಕಟ್ಟೊಂದಿತ್ತಂತೆ. ಚಕ್ರವರ್ತಿಗಳ ಕಾಲದ ಚೀನಾದಲ್ಲಿ ಯಾವ ದರ್ಜೆಯ ಅಧಿಕಾರಿ ಯಾವ ಉಡುಪು ತೊಡಬೇಕು ಎಂದು ತೋರಿಸುವ ಚಿತ್ರಗಳು. ಅವು ಪುಡಿಯಾಗುತ್ತಿದ್ದವು. ಅವನ್ನು ಗೆರೆಗೆ ಗೆರೆ, ಬಣ್ಣಕ್ಕೆ ಬಣ್ಣ ಕೈಯಲ್ಲೇ ನಕಲು ಮಾಡಿಕೊಡುವ ಕೆಲಸ ಶೆನ್ ಅವರದು. ಮೂರು ವರ್ಷದಿಂದ ಮಾಡುತ್ತಿದ್ದರು.

ಒಂದೊಂದೇ ಹಾಳೆ ತೆಗೆದು ತೋರಿಸಿದರು. ನಿಂತ ಮನುಷ್ಯ, ಕಡುನೀಲಿ ಮೇಲಂಗಿ, ಎದೆಯ ಮೇಲೊಂದು ಕಸೂತಿಯ ಚೌಕ. ಚೌಕದಲ್ಲಿ ಹಕ್ಕಿ. ಹಕ್ಕಿ ನೋಡಿ ದರ್ಜೆ ಹೇಳಬೇಕು. ಮೊದಲ ದರ್ಜೆಗೆ ಕೊಕ್ಕರೆ ಜಾತಿಯ ಬಿಳಿಯ ಹಕ್ಕಿ. ನವಿಲಿಗೆ ಮೂರನೆಯ ಜಾಗ.

"ನಮ್ಮ ನವಿಲಿಗೆ ಮೂರನೆಯದೇ? ಇದೆಂಥ ಅನ್ಯಾಯ!" ಎಂದೆ.

"ನಿಮ್ಮ ಸರ್ಕಾರದಲ್ಲಿ ಕೊಡಿಸಿ ಮೊದಲ ಜಾಗ" ಎಂದು ನಕ್ಕರು. ದೊಡ್ಡ ದರ್ಜೆಯವರ ಕೊರಳಲ್ಲಿ ಮಣಿಸರವೂ ಇತ್ತು. ಎಣಿಸಿದೆ. ನೂರೆಂಟು! ನಮ್ಮ ಜಪಮಣಿಯೇ ಕಚೇರಿಗೆ ಹೋಗಿ ನೌಕರಿಗೆ ಸೇರಿದಂತಿತ್ತು.

ಎಂಟನೆಯ ಹಾಳೆಗೆ ಬಂದಾಗ ಅವರು ನಗಲಿಲ್ಲ. ಎದೆಯ ಚೌಕದಲ್ಲಿ ಒಂದು ಸಣ್ಣ ಲಾವಕ್ಕಿ, ಬಂಡೆಯ ಮೇಲೆ ಒಂಟಿಕಾಲಲ್ಲಿ ನಿಂತು ಮೂಲೆಯ ಸೂರ್ಯನನ್ನು ನೋಡುತ್ತಿದೆ. ಅದರ ಸುತ್ತಲ ಚಿನ್ನದ ಕೆಲಸ ಆಗಿರಲಿಲ್ಲ. ಮೇಲೆ ಟೊಪ್ಪಿಗೆ, ಕೆಳಗೆ ಕಾಲರು, ನಡುವೆ ಮುಖವಿಲ್ಲ. ಬರೀ ಬಿಳಿಯ ಕಾಗದ.

"ಮೂಲದಲ್ಲಿ ಹುಳು ತಿಂದಿದೆ" ಎಂದರು. "ಮುಖ ನಿನಗೆ ತೋಚಿದ ಹಾಗೆ ಬರಿ ಎಂದು ಆಕೆ ಬಿಟ್ಟಿದ್ದಾರೆ. ಈ ಅಂಗಿ ನಮ್ಮಪ್ಪನದು, ಟೀಚರ್. ಒಂದು ಸಣ್ಣ ಊರಿನ ಕಚೇರಿಯಲ್ಲಿ ಎಂಟನೆಯ ದರ್ಜೆ. ಚಕ್ರವರ್ತಿಯ ಕಾಲ ಮುಗಿದಾಗ ನನಗೆ ಹನ್ನೊಂದು. ಅಪ್ಪ ತಾವೇ ಅಂಗಿಯನ್ನು ಒಲೆಗೆ ಹಾಕಿದರು. ನನ್ನನ್ನು ಚಿಕ್ಕಪ್ಪನ ಜೊತೆ ಬಂದರಿಗೆ ಕಳಿಸಿದರು. ಆಮೇಲೆ ನೋಡಲಿಲ್ಲ. ಅಂಗಿಯ ಎಳೆ ಎಳೆ ನೆನಪಿದೆ. ಮುಖ ಬರುತ್ತಿಲ್ಲ."

ಫೋಟೋ ಇಲ್ಲವೇ ಎಂದು ಕೇಳಿದೆ. ಫೋಟೋ ತೆಗೆಸಿದರೆ ಆಯುಸ್ಸು ಕಮ್ಮಿ ಎಂದು ಅವರಪ್ಪ ನಂಬಿದ್ದರಂತೆ. ನಮ್ಮಪ್ಪನೂ ಹಾಗೆಯೇ. ಊರಿಗೆಲ್ಲ ದೇವರ ಪಟ ಬರೆದುಕೊಟ್ಟವರು ತಮ್ಮದೊಂದು ಫೋಟೋ ತೆಗೆಸಲಿಲ್ಲ. ಹೋಗಿ ಇಪ್ಪತ್ತು ವರ್ಷವಾಯಿತು. ಸರೋಜನಿಗೆ ಆಗ ಏಳು ವರ್ಷ, ಅವಳಿಗೆ ಅಪ್ಪ ಎಂದರೆ ಗೋಂದಿನ ವಾಸನೆ ಅಷ್ಟೇ.

ಶೆನ್ ಅವರು ದಿನಾ ಬೆಳಿಗ್ಗೆ ಕಣ್ಣು ಮುಚ್ಚಿ ಕೂತು ಅಪ್ಪನ ಮುಖವನ್ನು ಕಾಯುತ್ತಿದ್ದರು. ಕಂಡಷ್ಟನ್ನು ರದ್ದಿ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದರು. ಕಿವಿ ಬಂದಿತ್ತು, ಗದ್ದ ಬಂದಿತ್ತು. ಆದರೆ ಹೊತ್ತು ಹೆಚ್ಚಿರಲಿಲ್ಲ. ಅವರ ಕಣ್ಣಿನ ಹಿಂದಿನ ನರ ಸೊರಗುತ್ತಿದೆ, ಆಪರೇಷನ್ನಿಗೆ ಬಗ್ಗುವುದಲ್ಲ, ಬೇಸಗೆ ಕಳೆಯುವುದರೊಳಗೆ ಗೆರೆ ಕಾಣದಾಗುತ್ತದೆ ಎಂದು ಡಾಕ್ಟರು ಹೇಳಿದ್ದರು.

"ಚಿನ್ನದ ಕೆಲಸ ನನ್ನಿಂದ ಆಗುತ್ತಿಲ್ಲ. ಈ ಚೌಕವನ್ನು ನೀವು ಮಾಡಿಕೊಡುತ್ತೀರಾ? ಚೌಕ ಮಾತ್ರ. ಮುಖ ನನಗಿರಲಿ."

ಆಗಲಿ ಎಂದೆ. ಚೌಕ ಮಾತ್ರ ಎಂದದ್ದು ನನಗೆ ಚೆನ್ನಾಗಿ ಕೇಳಿಸಿತ್ತು. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಗೊತ್ತಿರಲಿಲ್ಲ ಎನ್ನಬಾರದು.

ಪ್ರಿನ್ಸ್‌ಟನ್

ಮೂಲ ಚಿತ್ರ ನೋಡದೆ ಕುಂಚ ಮುಟ್ಟಬಾರದು ಎಂದು ಶೆನ್ ಅವರು ಹಟ ಹಿಡಿದರು. ಒಂದು ಶನಿವಾರ ಶ್ರೀಧರ ನಮ್ಮಿಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೊರಟ. ಆ ಚಳಿಗಾಲ ಅಲ್ಲಿ ಪೆಟ್ರೋಲಿಗೆ ಬರ. ಬಂಕಿನ ಮುಂದೆ ಅರ್ಧ ಮೈಲಿ ಕಾರುಗಳ ಸಾಲು. ನಮ್ಮ ಸೊಸೈಟಿ ಅಂಗಡಿಯಲ್ಲಿ ಸೀಮೆಎಣ್ಣೆಗೆ ನಿಂತ ಹಾಗೆಯೇ, ಆದರೆ ಇಲ್ಲಿ ಯಾರೂ ಕೂಗಾಡುವುದಿಲ್ಲ, ಗಾಜು ಏರಿಸಿಕೊಂಡು ಒಳಗೇ ಕುದಿಯುತ್ತಾರೆ.

"ಅಕ್ಕಾ, ಅಮೆರಿಕಾದಲ್ಲಿ ಇದೂ ನೋಡ್ಬೇಕಾಗಿ ಬಂತಲ್ಲ ನಿಮಗೆ. ಐ ಆ್ಯಮ್ ಸೋ ಸಾರಿ" ಎಂದ ಶ್ರೀಧರ, ಬರ ತಂದವನು ತಾನೇ ಎನ್ನುವಂತೆ.

"ಇರ್ಲಿ ಬಿಡಪ್ಪ, ಕ್ಯೂ ನಿಲ್ಲೋದು ನಂಗೆ ಅಭ್ಯಾಸ" ಎಂದೆ.

ಆ ಹೆಂಗಸಿನ ಮನೆ ದೊಡ್ಡದು, ತಣ್ಣಗಿತ್ತು. ನಮಗೆ ಕೈ ತೊಳೆಯಲು ಹೇಳಿದರು. ತೊಳೆದೆವು. ನನ್ನ ಬೆರಳಿನ ಅರಿಶಿನದ ಕಲೆ ಹೋಗಲಿಲ್ಲವೆಂದು ಇನ್ನೊಮ್ಮೆ ಕಳಿಸಿದರು. ಎರಡನೆಯ ಸಲವೂ ಹೋಗಲಿಲ್ಲ. ಕೊನೆಗೆ ಬಿಳಿಯ ಕೈಗವಸು ತೊಡಿಸಿ ಕೂರಿಸಿದರು. ನನಗೆ ಮೈ ಉರಿದುಹೋಯಿತು.

ಹಳೆಯ ಎಂಟನೆಯ ಹಾಳೆಯಲ್ಲಿ ಹುಳು ಮುಖವನ್ನಷ್ಟೇ ಅಚ್ಚುಕಟ್ಟಾಗಿ ತಿಂದುಹಾಕಿತ್ತು. ಅಂಗಿಗೆ ಒಂದು ತೂತೂ ಇಲ್ಲ. ಶೆನ್ ಅವರು ಭೂತಗನ್ನಡಿ ಹಿಡಿದು ಆ ತೂತನ್ನೇ ತುಂಬ ಹೊತ್ತು ನೋಡಿದರು. ವಾಪಸು ಬರುತ್ತ ಹೋಬೋಕನ್ ಹತ್ತಿರವಾದಾಗ, "ಹುಬ್ಬು ಒಂದು ಸ್ವಲ್ಪ ಕಂಡ ಹಾಗಾಯಿತು" ಎಂದರು.

ನದಿಯ ಕೆಳಗಿನ ರೈಲು

ಚಿನ್ನದ ರೇಕು ತರಲು ನಾನೂ ಅವರೂ ಮ್ಯಾನ್‌ಹಟನ್ನಿನ ಚೀನೀ ಪೇಟೆಗೆ ಹೋದೆವು. ರೈಲು ಹಡ್ಸನ್ ನದಿಯ ಕೆಳಗೇ ಹೋಗುತ್ತದೆ. ತಲೆಯ ಮೇಲೆ ನದಿ ಹರಿಯುತ್ತಿದೆ ಎಂದು ನೆನೆದು ನಾನು ಉಸಿರು ಬಿಗಿಹಿಡಿದೆ. ಎದುರಿಗೆ ಕೂತವನು ಪೇಪರು ಮಡಿಸಿ ನಿದ್ದೆ ಹೊಡೆಯುತ್ತಿದ್ದ. ಕಾವೇರಿಯ ಕೆಳಗೆ ಹೀಗೆ ನುಗ್ಗುವ ಮುನ್ನ ನಮ್ಮವರು ಒಂದು ತೆಂಗಿನಕಾಯಿಯನ್ನಾದರೂ ಒಡೆಯುತ್ತಿದ್ದರು.

ಅಂಗಡಿಯವನು ಶೆನ್ ಅವರಿಗೆ ಚೀನೀ ಭಾಷೆಯಲ್ಲಿ ಏನೋ ಕೇಳಿದ. ಇವರು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು. ಅವನ ಸೀಮೆಯ ಮಾತು ತಮಗೆ ತಿಳಿಯದು, ತಮ್ಮ ಸೀಮೆಯ ಮಾತಾಡುವವರು ಇಲ್ಲಿ ಯಾರೂ ಉಳಿದಿಲ್ಲ ಎಂದು ಆಮೇಲೆ ಹೇಳಿದರು. ನನಗೆ ಸಂಕಟವಾಯಿತು. ಕನ್ನಡದಲ್ಲಿ ಜಗಳವಾಡಲು ನನಗೆ ತಂಗಿಯಾದರೂ ಇದ್ದಳು.

ಅಂದಿನಿಂದ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ವರದಿ ಒಪ್ಪಿಸುತ್ತಿದ್ದರು. "ಇವತ್ತು ಹುಬ್ಬು ಬಂತು, ಟೀಚರ್." "ಇವತ್ತು ಏನೂ ಇಲ್ಲ." "ಮೂಗಿನ ತುದಿ ಬಂತು." ಕಣ್ಣು ಮಾತ್ರ ಬಂದಿರಲಿಲ್ಲ.

ಆಸ್ಪತ್ರೆ

ಸರೋಜನಿಗೆ ಗಂಡುಮಗು ಹುಟ್ಟಿತು. ಮಗು ಬಂದ ಮೇಲೆ ನಾನು ಕೆಳಗಿನ ಮನೆಗೆ ಹೋಗುವುದು ಆಗದ ಮಾತು. ಹಾಗಾಗಿ ಎಂಟನೆಯ ಹಾಳೆಯನ್ನು ಮೇಲಕ್ಕೇ ತಂದುಕೊಂಡು, ತೊಟ್ಟಿಲ ಪಕ್ಕದ ಮೇಜಿನ ಮೇಲೆ ಕೆಲಸಕ್ಕಿಟ್ಟೆ. ಅಪ್ಪ ಕಲಿಸಿದಂತೆ ಬಿಳಿಯ ಪುಡಿಗೆ ಗೋಂದು ಕಲಸಿ ಉಬ್ಬುಗೆರೆ ಎಳೆದು, ಮೇಲೆ ರೇಕು ಕೂರಿಸಿದೆ. ಎರಡು ದಿನದಲ್ಲಿ ಚೌಕ ಮುಗಿಯಿತು. ಲಾವಕ್ಕಿಯ ಸುತ್ತ ಚಿನ್ನದ ದಾರ ನಿಜವಾಗಿ ಹೊಲಿದಂತೆಯೇ ಕಂಡಿತು. ಎಷ್ಟೋ ವರ್ಷದ ಮೇಲೆ ನನ್ನ ಕೈಯ ಮೇಲೆ ನನಗೇ ಅಭಿಮಾನ ಬಂತು.

ಮರುದಿನ ಮಗು ಹಳದಿಯಾಯಿತು. ಮೈ, ಅಂಗಾಲು, ಕಣ್ಣಿನ ಬಿಳಿ, ಎಲ್ಲ ಹಳದಿ. ಹಾಲು ಕುಡಿಯದೆ ಸುಮ್ಮನೆ ಮಲಗಿಬಿಟ್ಟಿತು. ಆಸ್ಪತ್ರೆಗೆ ಓಡಿದೆವು.

"ಡಾಕ್ಟರ್ ಇಟ್ ಈಸ್ ವೆರಿ ಕಾಮನ್ ಅಂದ್ರಲ್ಲ ಅಕ್ಕಾ, ನೀನ್ಯಾಕೆ ಹೀಗೆ ನಡುಗ್ತಿದೀಯ?" ಎಂದಳು ಸರೋಜ. ಹಾಗೆಂದವಳ ತುಟಿಯೇ ನಡುಗುತ್ತಿತ್ತು.

ಗಾಜಿನ ಪೆಟ್ಟಿಗೆಯೊಳಗೆ ನೀಲಿ ದೀಪದ ಕೆಳಗೆ ಕೂಸನ್ನು ಬರಿಮೈಯಲ್ಲಿ ಮಲಗಿಸಿದ್ದರು. ಬೆಳಕು ತಾಕಬಾರದೆಂದು ಎರಡೂ ಕಣ್ಣಿಗೆ ಬಿಳಿಯ ಪಟ್ಟಿ. ಹಣೆಗೊಂದು ಕಾಡಿಗೆ ಬೊಟ್ಟಿಡುತ್ತೇನೆ ಎಂದೆ. ನರ್ಸು ಬೇಡವೆಂದಳು. ಮುಟ್ಟುತ್ತೇನೆ ಎಂದೆ. ಅದೂ ಬೇಡ. ಕಣ್ಣಿಲ್ಲದ ಆ ಪುಟ್ಟ ಮುಖ ಅತ್ತಿತ್ತ ಹೊರಳಿ ತಾಯಿಗಾಗಿ ಬಾಯಿ ತೆರೆಯುತ್ತಿತ್ತು. ನನಗೆ ನಿಲ್ಲಲಾಗಲಿಲ್ಲ. ಅವರಿಬ್ಬರನ್ನೂ ಅಲ್ಲೇ ಬಿಟ್ಟು, ಊಟ ಕಟ್ಟಿಕೊಂಡು ಬರುತ್ತೇನೆಂದು ನಡೆದೇ ಮನೆಗೆ ಬಂದೆ.

ಬಾಗಿಲು ತೆಗೆದರೆ ಎದುರಿಗೆ ಖಾಲಿ ತೊಟ್ಟಿಲು. ಪಕ್ಕದಲ್ಲಿ ಕಣ್ಣಿಲ್ಲದ ಅಧಿಕಾರಿ.

ನಮ್ಮ ಮನೆಯಲ್ಲಿ ಪಟಕ್ಕೆ ಕಣ್ಣು ಬರೆಯುವುದನ್ನು ದೃಷ್ಟಿ ಇಡುವುದು ಎನ್ನುತ್ತಿದ್ದರು. ಅದು ಕೊನೆಯ ಕೆಲಸ. ಅಪ್ಪ ಸ್ನಾನ ಮಾಡಿ ಬಂದು, ಎಡಗಣ್ಣನ್ನು ಅರ್ಧ ಮುಚ್ಚಿ, ಉಸಿರು ಹಿಡಿದು ಎರಡು ಚುಕ್ಕೆ ಇಟ್ಟರೆ ಮುಗಿಯಿತು. ಮೈಯೆಲ್ಲ ಆಗಿ ಕಣ್ಣೊಂದು ಉಳಿದ ಪಟವನ್ನು ಅವರು ಮಕ್ಕಳಿರುವ ಮನೆಯಲ್ಲಿ ಒಂದು ರಾತ್ರಿಯೂ ಬಿಡುತ್ತಿರಲಿಲ್ಲ. ಬಿಡಲೇಬೇಕಾದರೆ ಬಟ್ಟೆ ಮುಚ್ಚುತ್ತಿದ್ದರು. ನಾನು ಈ ಹಾಳೆಯನ್ನು ಮೂರು ದಿನದಿಂದ ಕೂಸಿನ ತಲೆಯ ಹತ್ತಿರ ತೆರೆದೇ ಇಟ್ಟಿದ್ದೆ! ಬುದ್ಧಿ ಎಲ್ಲಿಗೆ ಹೋಗಿತ್ತು ನನಗೆ?

ಬಟ್ಟೆ ಮುಚ್ಚಿದ್ದರೆ ಸಾಕಾಗಿತ್ತು. ಕೆಳಗೆ ಕೊಟ್ಟು ಬಂದಿದ್ದರೂ ಸಾಕಾಗಿತ್ತು. ಆ ಗಳಿಗೆಯಲ್ಲಿ ಎರಡೂ ಹೊಳೆಯಲಿಲ್ಲ. ಮುಖವೆಲ್ಲ ಬರೆಯುವುದಿಲ್ಲ, ಕಣ್ಣು ಮಾತ್ರ, ಅದರಿಂದ ಅವರ ನೆನಪಿಗೂ ಸಹಾಯವಾದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ತಲೆಗೆ ನೀರು ಹಾಕಿಕೊಂಡು ಬಂದೆ. ಅಪ್ಪನ ಡಬ್ಬಿಯಿಂದ ಅಳಿಲುಕೂದಲಿನ ಸಣ್ಣ ಕುಂಚ ತೆಗೆದೆ. ಅಳುತ್ತಲೇ ಎರಡು ಕಣ್ಣು ಬರೆದೆ. ಎಡದ ರೆಪ್ಪೆ ಒಂದು ಕೂದಲೆಳೆಯಷ್ಟು ಕೆಳಗಿಳಿಯಿತು. ಕೈ ನಡುಗಿರಬೇಕು ಎಂದುಕೊಂಡೆ.

ಎರಡು ದಿನ ಕಳೆದು ಮಗು ಮನೆಗೆ ಬಂತು, ಹಳದಿ ಇಳಿದಿತ್ತು. ದೀಪದ ಗುಣ ಎಂದ ಶ್ರೀಧರ. ನಾನು ಮೇಜಿನ ಕಡೆ ನೋಡಿ ಮನಸ್ಸಿನಲ್ಲೇ ಕೈ ಮುಗಿದೆ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಮತ್ತೆ ಮೂರನೆಯ ಮಹಡಿ

ಅಂದೇ ಮಧ್ಯಾಹ್ನ ಶೆನ್ ಅವರು ಮಗುವಿಗೆಂದು ಕೆಂಪು ಕಾಗದದಲ್ಲಿ ಸುತ್ತಿದ ಕಿತ್ತಳೆಹಣ್ಣು ತಂದರು. ಏದುಸಿರು ಬಿಡುತ್ತಿದ್ದರು. ಮುಖದಲ್ಲಿ ಅಷ್ಟು ಗೆಲುವನ್ನು ನಾನು ಹಿಂದೆ ಕಂಡಿರಲಿಲ್ಲ.

"ಹಾಳೆ ಕೊಡಿ ಟೀಚರ್. ಕಣ್ಣು ತೀರ ಹತ್ತಿರ ಬಂದಿದೆ. ನಾಳೆಯೋ ನಾಡಿದ್ದೋ ಬಂದೇ ಬರುತ್ತದೆ. ಬಂದ ತಕ್ಷಣ ಇಳಿಸಿಬಿಡಬೇಕು."

ಹಾಳೆ ಕೊಟ್ಟೆ. ಅವರು ಕಿಟಕಿಗೆ ಹೋಗಿ ಭೂತಗನ್ನಡಿ ಹಿಡಿದು ಮೊದಲು ಚೌಕ ನೋಡಿದರು. "ಚೆನ್ನಾಗಿದೆ, ತುಂಬ ಚೆನ್ನಾಗಿದೆ" ಎಂದರು. ಆಮೇಲೆ ಗಾಜು ಮೇಲಕ್ಕೆ ಸರಿಯಿತು. ಸರಿದದ್ದು ಅಲ್ಲೇ ನಿಂತಿತು.

"ಇವರು ಯಾರು?"

"ಯಾರೂ ಅಲ್ಲ. ನಾವು ಕಣ್ಣು ಬರೆಯುವುದೇ ಹಾಗೆ. ಮಗುವಿಗೆ ಹುಷಾರಿರಲಿಲ್ಲ... ನಮ್ಮಲ್ಲಿ ಒಂದು ಪದ್ಧತಿ..." ಇಂಗ್ಲಿಷ್ ನನ್ನ ಬಾಯಲ್ಲಿ ಚೂರುಚೂರಾಯಿತು. "ಕೆರೆದು ತೆಗೆಯುತ್ತೇನೆ. ಈಗಲೇ ತೆಗೆಯುತ್ತೇನೆ. ಗುರುತೂ ಉಳಿಯುವುದಿಲ್ಲ."

"ಎಡಗಣ್ಣು ಸ್ವಲ್ಪ ಮುಚ್ಚಿದೆ" ಎಂದರು. ಹಾಳೆಯನ್ನು ಮೇಜಿನ ಮೇಲಿಟ್ಟು, ಮಗುವಿನ ತಲೆಯನ್ನು ಒಂದು ಬೆರಳಿನಿಂದ ಮುಟ್ಟಿ, ಗೋಡೆ ಹಿಡಿದುಕೊಂಡು ಇಳಿದು ಹೋದರು.

ನಾಲ್ಕು ದಿನ ಮೆಟ್ಟಿಲಲ್ಲಿ ಸಿಗಲಿಲ್ಲ. ಐದನೆಯ ದಿನ ಹಾಳೆ ಹಿಡಿದು ನಾನೇ ಕೆಳಗೆ ಹೋದೆ. ಅವರ ಮೇಜು ಖಾಲಿಯಿತ್ತು. ಉಳಿದ ಹಾಳೆಗಳನ್ನು ಶ್ರೀಧರನ ಕೈಯಲ್ಲಿ ಪ್ರಿನ್ಸ್‌ಟನ್ನಿಗೆ ಕಳಿಸಲು ಕಟ್ಟಿಟ್ಟಿದ್ದರು, ಎಂಟನೆಯದೊಂದನ್ನು ಬಿಟ್ಟು.

"ಕ್ಷಮಿಸಿ" ಎಂದೆ. "ಚಾಕು ತಂದಿದ್ದೇನೆ. ನಿಮ್ಮ ಎದುರಿಗೇ ಕೆರೆಯುತ್ತೇನೆ."

"ಬೇಡ." ಬೈದಿದ್ದರೆ ನಾನು ಉಸಿರಾಡಬಹುದಿತ್ತು. ಅವರು ಬಿಸಿನೀರಿಗೆ ಚಹಾ ಎಲೆ ಹಾಕಿ ನನ್ನ ಮುಂದಿಟ್ಟರು. "ದಿನಾ ಕೂರುತ್ತಿದ್ದೇನೆ. ಕಣ್ಣು ಮುಚ್ಚಿದರೆ ಇವರೇ ಬರುತ್ತಾರೆ. ನಮ್ಮಪ್ಪನ ಎಡಗಣ್ಣು ಹೀಗಿರಲಿಲ್ಲ ಅನ್ನಿಸುತ್ತದೆ. ಇತ್ತೇನೋ. ಈಗ ನನಗೆ ಗೊತ್ತಾಗುವುದಿಲ್ಲ, ಟೀಚರ್. ಮೊದಲು ಮಬ್ಬಾಗಿ ಏನೋ ಇತ್ತು. ಈಗ ಇವರಿದ್ದಾರೆ."

ನಾನು ಅತ್ತೆ. ಅವರು ಹಾಳೆಯನ್ನು ಸುರುಳಿ ಸುತ್ತಿ, ಹಡಗಿನ ನಕ್ಷೆ ಇಡುವ ರಟ್ಟಿನ ಕೊಳವೆಗೆ ಹಾಕಿ ನನ್ನ ಕೈಗೆ ಕೊಟ್ಟರು.

"ಇವರು ನಿಮಗೆ ಬೇಕಾದವರು. ಕರೆದುಕೊಂಡು ಹೋಗಿ."

ನನಗೆ ಆ ಮಾತು ಅರ್ಥವಾಗಲಿಲ್ಲ. ವ್ಯಂಗ್ಯ ಎಂದುಕೊಂಡೆ. ಊರಿಗೆ ಹೊರಡುವ ದಿನ ಬಾಗಿಲು ತಟ್ಟಿದೆ. ಒಳಗೆ ಕುರ್ಚಿ ಸರಿದ ಸದ್ದಾಯಿತು, ಬಾಗಿಲು ತೆರೆಯಲಿಲ್ಲ.

ಮೈಸೂರು

ಟ್ರಂಕು ಬಿಚ್ಚಿದ ದಿನ ಅಮ್ಮ ಮಂಡಿ ನೀವಿಕೊಳ್ಳುತ್ತ ಪಕ್ಕದಲ್ಲಿ ಕೂತಿದ್ದಳು. ಮಗುವಿನ ಫೋಟೋ ನೋಡಿದಳು, ಸರೋಜ ಕಳಿಸಿದ ಸ್ವೆಟರು ನೋಡಿದಳು. ಕೊಳವೆಯಲ್ಲೇನು ಎಂದಳು. ಏನಿಲ್ಲಮ್ಮ, ಚೀನಾದವರದೊಂದು ಚಿತ್ರ ಎಂದು ನೆಲದ ಮೇಲೆ ಬಿಡಿಸಿದೆ.

ಅಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು. "ಅಯ್ಯೋ ಶಿವನೇ! ಇದೇನೇ ಇದು, ನಿಮ್ಮಪ್ಪನಿಗೆ ಇಂಥಾ ಅಂಗಿ ತೊಡಿಸಿದೀಯ?"

"ಅಪ್ಪ ಎಲ್ಲಿಂದ ಬಂದ್ರಮ್ಮ? ಅದು ಚೀನಾದ ಅಧಿಕಾರಿ."

"ಸುಮ್ನಿರೇ. ನಂಗೆ ಗೊತ್ತಾಗಲ್ವಾ? ಆ ಎಡಗಣ್ಣು ನೋಡು. ದೃಷ್ಟಿ ಇಡೋವಾಗ ಹಿಂಗೇ ಮಾಡೋರು." ಹಾಳೆಯ ಮೇಲೆ ಕೈಯಾಡಿಸಿದಳು, ಚಿನ್ನದ ಮೇಲಲ್ಲ, ಕಣ್ಣಿನ ಕೆಳಗೆ ಖಾಲಿಯಿದ್ದ ಕಾಗದದ ಮೇಲೆ. "ಮೂಗು ಬಾಯಿ ಯಾಕೆ ಬಿಟ್ಟೆ? ಅದನ್ನೂ ಬರೆದುಬಿಡೇ. ನಂಗೂ ಮರ್ತು ಹೋಗ್ತಾ ಇದೆ."

ಶೆನ್ ಅವರಿಗೆ ಬರೆಯಲೆಂದು ಏರೋಗ್ರಾಂ ತಂದಿಟ್ಟು ತಿಂಗಳುಗಳೇ ಆದವು. ಬೇಸಗೆ ಕಳೆದಿದೆ, ಈಗ ಬರೆದರೂ ಅವರಿಗೆ ಅದನ್ನು ಬೇರೆಯವರೇ ಓದಿ ಹೇಳಬೇಕು. ಹಾಳೆ ನನ್ನ ಮೇಜಿನ ಮೇಲಿದೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಅಪ್ಪನ ಡಬ್ಬಿ ತೆರೆದಿಟ್ಟುಕೊಂಡು, ಕಣ್ಣು ಮುಚ್ಚಿ ಕೂರುತ್ತೇನೆ. ಒಳಗಿನಿಂದ ಅಮ್ಮ, "ಬಂತೇನೇ?" ಎಂದು ಕೇಳುತ್ತಾಳೆ.

ಮೂಗು ಇನ್ನೂ ಬಂದಿಲ್ಲ. ನಿನ್ನೆ ಹುಬ್ಬು ಬಂತು.